ಹಾಲು ಬಿಟ್ಟು ಬೇರೇನೂ ಇಲ್ಲ

ಪುಟ್ಟ ಬೆಣ್ಣೆಯ ತುಟಿಯಂಚಿಗೆ ಬಿಳಿ ಪುಡಿ ಅಂಟಿಕೊಂಡಿದ್ದು ಅವಳ ಅಮ್ಮನ ಕಣ್ಣಿಗೆ ಬಿದ್ದದ್ದು ಸಂಜೆ ಮನೆಯ ಮೆಟ್ಟಿಲು ಹತ್ತುವಾಗ, ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸುವಾಗ. ಅದು ಹಾಲಿನ ಕಲೆಯಲ್ಲ. ಹಾಲು ಒಣಗಿದರೆ ಚರ್ಮಕ್ಕೆ ಅಂಟಿ ಬಿಗಿದುಕೊಳ್ಳುತ್ತದೆ. ಇದು ಬೆರಳು ತಾಗಿದರೆ ಉದುರುವ ಪುಡಿ. ಮೂಸಿ ನೋಡಿದಳು, ವಾಸನೆಯಿಲ್ಲ. ನಾಲಿಗೆಗೆ ತಾಗಿಸಿ ನೋಡಿದಳು, ರುಚಿಯೂ ಇಲ್ಲ. ವಾಸನೆಯಿಲ್ಲದ, ರುಚಿಯಿಲ್ಲದ ಪದಾರ್ಥ ಯಾವುದೇ ಇರಲಿ, ಅವಳಿಗೆ ಅದರ ಮೇಲೆ ನಂಬಿಕೆ ಬರುತ್ತಿರಲಿಲ್ಲ.

ನಂಬದೇ ಇರುವುದು ಅವಳ ಹೊಟ್ಟೆಪಾಡೂ ಆಗಿತ್ತು. ನಗರದ ಬಸ್ಸುಗಳಿಗೆ ಹೇಳದೆ ಕೇಳದೆ ಹತ್ತಿ ಟಿಕೆಟ್ ತಪಾಸಣೆ ಮಾಡುವ ಕೆಲಸ ಅವಳದು. ಬೀದಿಯವರಿಗೆಲ್ಲ ಅವಳು ಚೆಕ್ಕರಮ್ಮ. ಸುಳ್ಳು ನಿದ್ದೆ, ಸುಳ್ಳು ಕಿವುಡು, ಹೊಟ್ಟೆಗೆ ದಿಂಬು ಕಟ್ಟಿಕೊಂಡ ಸುಳ್ಳು ಬಸುರಿ, ಎಲ್ಲವನ್ನೂ ಅವಳು ಕಂಡಿದ್ದಳು. ಅವಳು ಹತ್ತಿದ ಕೂಡಲೇ ಟಿಕೆಟ್ ಇಲ್ಲದವರಿಗೆ ಕಿಟಕಿಯಾಚೆಯ ಕಸದ ತೊಟ್ಟಿಯೂ ಬಹಳ ಸುಂದರವಾಗಿ ಕಾಣತೊಡಗುತ್ತಿತ್ತು. ಮುಖ ಸುಳ್ಳು ಹೇಳುವುದನ್ನು ಕಲಿಯುತ್ತದೆ, ಕೈ ಕಲಿಯುವುದಿಲ್ಲ ಎಂಬುದು ಅವಳು ಕಂಡುಕೊಂಡ ಸತ್ಯ. ಅದಕ್ಕೇ ಅವಳು ಮೊದಲು ಕೈ ನೋಡುತ್ತಿದ್ದಳು, ಆಮೇಲೆ ಟಿಕೆಟ್ ಕೇಳುತ್ತಿದ್ದಳು.

ಮಗು ಹುಟ್ಟಿದ ಮೇಲೆ ಈ ಕಣ್ಣು ಅಂಗಡಿಗಳ ಕಡೆಗೂ ತಿರುಗಿತು. ಜ್ಯೂಸ್ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಅವಳು ಓದುತ್ತ ನಿಂತರೆ ಅಂಗಡಿಯವನು ಎರಡು ಸಲ ಆಕಳಿಸುತ್ತಿದ್ದ. "ಹಣ್ಣಿನ ಚಿತ್ರ ಹೊರಗಿದೆ, ಒಳಗೆ ಹಣ್ಣು ಎಲ್ಲಿದೆ?" ಎಂದು ಅವನನ್ನೇ ಕೇಳುತ್ತಿದ್ದಳು. ಬಣ್ಣದ ಸೋಡಾ, ಪೊಟ್ಟಣದ ಜ್ಯೂಸ್, ಮಕ್ಕಳನ್ನು ಉದ್ದ ಮಾಡುತ್ತೇವೆಂದು ಹೇಳುವ ಸಿಹಿ ಪುಡಿಗಳು, ದೊಡ್ಡವರ ಲೋಟದ ತಳದ ಚಹಾ, ಯಾವುದೂ ಮನೆಯ ಹೊಸಿಲು ದಾಟಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. "ನಮ್ಮ ಮಗುವಿಗೆ ಹಾಲು ಬಿಟ್ಟು ಬೇರೇನೂ ಇಲ್ಲ" ಎಂದು ಡಿಪೋದಲ್ಲಿ, ತರಕಾರಿ ಗಾಡಿಯ ಬಳಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಮಗುವೂ ಅದಕ್ಕೆ ತಕ್ಕಂತೆ ದುಂಡಗೆ, ಬೆಳ್ಳಗೆ, ಮುಟ್ಟಿದರೆ ಬೆರಳು ಹೂತುಹೋಗುವಂತೆ ಬೆಳೆದಿತ್ತು. ಎರಡೂವರೆ ವರ್ಷದ ಆ ಹುಡುಗಿಗೆ ಬೆಣ್ಣೆ ಎಂದು ಹೆಸರಿಟ್ಟವರು ನೆರೆಹೊರೆಯವರೇ. ಅಮ್ಮ ಅದನ್ನು ಬಹುಮಾನ ಸಿಕ್ಕ ಹಾಗೆ ಇಟ್ಟುಕೊಂಡಿದ್ದಳು.

ಆದರೆ ಇತ್ತೀಚೆಗೆ ಬೆಣ್ಣೆ ಏಕೋ ಮಂಕಾಗಿದ್ದಳು. ಬೇರೆ ಮಕ್ಕಳು ಓಡುವಾಗ ಇವಳು ಕೂತು ನೋಡುತ್ತಿದ್ದಳು. ಎರಡು ಮೆಟ್ಟಿಲು ಹತ್ತಿದರೆ "ಎತ್ಕೋ" ಎಂದು ಕೈ ಚಾಚುತ್ತಿದ್ದಳು. ಅನ್ನದ ತುತ್ತು ಬಾಯಿಗಿಟ್ಟರೆ ಕೆನ್ನೆಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತಿನ ಮೇಲೆ ಹಾಗೇ ಉಗಿಯುತ್ತಿದ್ದಳು. ಮಧ್ಯಾಹ್ನವಂತೂ ಸತ್ತು ಬಿದ್ದವರ ಹಾಗೆ ನಿದ್ದೆ. ಈಗ ಈ ಬಿಳಿ ಪುಡಿ.

ಮನೆಯಲ್ಲಿ ಯಾರೋ ಕದ್ದು ಏನೋ ಕುಡಿಸುತ್ತಿದ್ದಾರೆ ಎಂಬ ಹುಳ ಅವತ್ತು ಚೆಕ್ಕರಮ್ಮನ ತಲೆ ಹೊಕ್ಕಿತು.

ಮೊದಲ ಅನುಮಾನ ಮಾವನ ಮೇಲೆ. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಬೆಳಕು ಹರಿಯುವ ಮೊದಲೇ ಹೋಗಿಬಿಡುತ್ತಿದ್ದ. ಬೆಳಗಿನ ಹೊತ್ತು ಮಗು ಇರುತ್ತಿದ್ದದ್ದು ತಾತನ ಜೊತೆ. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ಮೊಮ್ಮಗಳನ್ನು ರಿಪೇರಿ ಮಾಡತೊಡಗಿದ್ದರು. ಮೃದು ಮನುಷ್ಯ, ಮಗು ಕೇಳಿದರೆ ಇಲ್ಲವೆನ್ನುವ ಅಭ್ಯಾಸವೇ ಇಲ್ಲ. ಇಂಥವರೇ ಅಪಾಯ ಎಂದು ಚೆಕ್ಕರಮ್ಮ ಲೆಕ್ಕ ಹಾಕಿದಳು.

ಮರುದಿನ ರಜೆ ಹಾಕದೆ, ಹೊರಟ ಹಾಗೆ ಮಾಡಿ, ಅರ್ಧ ದಾರಿಯಿಂದ ವಾಪಸ್ಸು ಬಂದಳು. ಮಾವ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು. ಅವಳ ಚಪ್ಪಲಿ ಸದ್ದಿಗೆ ಕೈಯಲ್ಲಿದ್ದ ಚಮಚ ಸಿಂಕಿಗೆ ಬಿತ್ತು.

"ಏನು ಮಾವ ಅದು?"

"ಏನೂ ಇಲ್ಲಮ್ಮ. ಹಾಲು."

"ಹಾಲಿಗೆ ಚಮಚ ಯಾಕೆ?"

ಮಾವ ಕೈಯನ್ನು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಚೆಕ್ಕರಮ್ಮ ಲೋಟ ಎತ್ತಿ ಮೂಸಿದಳು, ಒಂದು ಗುಟುಕು ಕುಡಿದಳು. ಸಕ್ಕರೆ.

"ಒಂದೇ ಒಂದು ಚಮಚ ತಾಯಿ," ಮಾವ ಅಪರಾಧಿಯಂತೆ ಹೇಳಿದರು. "ಅನ್ನ ಬಾಯಿಗೇ ಹಾಕ್ಕೊಳ್ಳಲ್ಲ. ಹೊಟ್ಟೆ ಖಾಲಿ ಇಟ್ಕೊಂಡು ಹೇಗಿರುತ್ತೆ ಮಗು? ನೋಡೋಕಾಗಲ್ಲ ನಂಗೆ."

"ದಿನಾ ಕೊಡ್ತೀರಾ?"

"ದಿನಾ ಅಂದ್ರೆ... ಅಳೋ ದಿನ."

"ಅಳದ ದಿನ ಇದೆಯಾ?"

ಚೆಕ್ಕರಮ್ಮ ಸಕ್ಕರೆಯ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಳು. ಹಲ್ಲು ಹುಳುಕಾಗುತ್ತದೆಂದು ಒಂದಿಷ್ಟು ಬೈದಳು. ಆದರೆ ಅವಳ ಸಿಟ್ಟು ಅರ್ಧದಲ್ಲೇ ತಣ್ಣಗಾಯಿತು. ಎಷ್ಟಾದರೂ ಹಾಲು ತಾನೆ. ಸಕ್ಕರೆ ತಿಂದ ಮಗು ಕುಣಿಯಬೇಕು, ಮಲಗಬಾರದು. ಆ ಪುಡಿ ಇದಲ್ಲ, ಬೇರೆ. ಮಾವನನ್ನು ಅವಳು ತಾತ್ಕಾಲಿಕವಾಗಿ ಕೆಳಗಿಳಿಸಿ ಮುಂದಿನ ಸೀಟಿಗೆ ಹೋದಳು.

ಮುಂದಿನ ಸೀಟಿನಲ್ಲಿ ಇದ್ದವಳು ಮಕ್ಕಳಕ್ಕ.

ಹಿಂದಿನ ಬೀದಿಯ ನೆಲಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದ ಆಕೆ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಆಗ ಮೂರು ಮಕ್ಕಳಿದ್ದವು: ಬೆಣ್ಣೆ, ಬ್ಯೂಟಿ ಪಾರ್ಲರ್ ನಡೆಸುವವಳ ಮಗ, ಇನ್ನೂ ತೆವಳುತ್ತಿದ್ದ ಒಂದು ಕೂಸು. ಮಕ್ಕಳಕ್ಕನದು ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮಧ್ಯಾಹ್ನ ಮಾವ ಊಟ ಮುಗಿಸಿ ಮಗುವನ್ನು ಅಲ್ಲಿ ಬಿಟ್ಟು ಬಂದು ಮಲಗುತ್ತಿದ್ದರು, ಸಂಜೆ ಚೆಕ್ಕರಮ್ಮ ಕರೆದುಕೊಂಡು ಬರುತ್ತಿದ್ದಳು. "ಹೇಗಿದ್ಳು ಅಕ್ಕ?" ಎಂದರೆ "ಇದ್ಳು" ಎನ್ನುತ್ತಿದ್ದಳು ಮಕ್ಕಳಕ್ಕ. "ತಿಂದ್ಳಾ?" ಎಂದರೆ "ಸ್ವಲ್ಪ". "ಮಲಗಿದ್ಳಾ?" ಎಂದರೆ "ಹೂಂ, ಚೆನ್ನಾಗಿ ಮಲಗಿದ್ಳು".

ಈ ಕೊನೆಯ ಮಾತನ್ನು ಅಷ್ಟು ದಿನ ಒಳ್ಳೆಯ ಸುದ್ದಿಯೆಂದು ಕೇಳಿಸಿಕೊಂಡಿದ್ದವಳು ಈಗ ಅದನ್ನೇ ಮತ್ತೊಮ್ಮೆ ತೂಗಿ ನೋಡಿದಳು. ಚೆನ್ನಾಗಿ ಮಲಗಿದ್ದಳಂತೆ! ಮೂರು ಮಕ್ಕಳನ್ನು ಒಬ್ಬಳೇ ಸಂಭಾಳಿಸುವವಳಿಗೆ ಒಂದು ಮಗು ಮಧ್ಯಾಹ್ನವೆಲ್ಲ ಮಲಗಿದರೆ ಎಷ್ಟು ಅನುಕೂಲ!

ಆ ಸಂಜೆ ಅವಳು ಬಾಗಿಲಲ್ಲಿ ನಿಲ್ಲದೆ "ನೀರು ಕೊಡಿ ಅಕ್ಕ" ಎಂದು ಸೀದಾ ಒಳಗೆ ನುಗ್ಗಿದಳು. ಮಕ್ಕಳಕ್ಕ ಅಡುಗೆ ಕಟ್ಟೆಯ ಮೇಲಿದ್ದ ಒಂದು ಡಬ್ಬಿಯನ್ನು ಬೇಗ ಎತ್ತಿ ಮೇಲಿನ ಹಲಗೆಗೆ ಸರಿಸಿ, ಅದರ ಮುಂದೆ ದೊಡ್ಡ ಪಾತ್ರೆಯೊಂದನ್ನು ಎಳೆದಳು. ಆಮೇಲೆ ನೀರು ಕೊಟ್ಟಳು. ಮುಖ ಎಂದಿನಂತೆಯೇ ಇತ್ತು. ಕೈ ಮಾತ್ರ ಎಂದಿನಂತಿರಲಿಲ್ಲ.

"ಏನಕ್ಕ ಅದು ಡಬ್ಬಿ?"

"ಏನೋ ಅಡುಗೆ ಸಾಮಾನು."

ಚೆಕ್ಕರಮ್ಮ ನೀರು ಕುಡಿದಳು. ಕಣ್ಣು ಮಾತ್ರ ಆ ಹಲಗೆಯ ಮೇಲೇ ಇತ್ತು.

ರಾತ್ರಿ ಗಂಡನಿಗೆ ಹೇಳಿದರೆ ಅವನು ನಕ್ಕ. "ನಿಂಗೆ ಬಸ್ಸು ಬೇರೆ ಮನೆ ಬೇರೆ ಅಂತ ಇಲ್ವಾ? ಪಾಪ, ಆಯಮ್ಮನ ಮೇಲೂ ಶುರುಮಾಡಿದ್ಯಾ?"

"ರೀ, ಆ ಡಬ್ಬಿಗೆ ಚೀಟಿ ಇಲ್ಲ, ಹೆಸರಿಲ್ಲ. ನನ್ನ ಕಂಡ ಕೂಡ್ಲೇ ಬಚ್ಚಿಟ್ಳು."

"ನಿನ್ನ ಕಂಡ್ರೆ ನಾನೂ ಎಷ್ಟೋ ಬಚ್ಚಿಡ್ತೀನಿ," ಎಂದು ಅವನು ಮಗ್ಗುಲು ಬದಲಿಸಿದ. ಅದು ಬರೀ ತಮಾಷೆಯಲ್ಲವೆಂದು ಅವಳಿಗೆ ಆಮೇಲೆ ಗೊತ್ತಾಯಿತು.

ಎರಡು ದಿನ ಬಿಟ್ಟು, ಮಧ್ಯಾಹ್ನದ ಪಾಳಿಯಲ್ಲಿ ಬಸ್ಸು ಹಿಂದಿನ ಬೀದಿಯ ತಿರುವಿಗೆ ಬಂದಾಗ ಅವಳು ತಟ್ಟನೆ ಇಳಿದುಬಿಟ್ಟಳು. ಕಂಡಕ್ಟರ್ "ಮೇಡಂ, ಇನ್ನೂ ಹಿಂದೆ ನೋಡಿಲ್ಲ" ಎಂದು ಕೂಗಿದ. ಹಿಂದೆ ಕೂತಿದ್ದ ಯಾರೋ ಅವತ್ತು ಬದುಕಿಕೊಂಡರು. ಚೆಕ್ಕರಮ್ಮ ಮಕ್ಕಳಕ್ಕನ ಮನೆಯ ಪಕ್ಕದ ಕಿರಿದಾದ ಓಣಿಗೆ ಹೋಗಿ, ಕಿಟಕಿಯ ಪರದೆ ಸರಿದ ಜಾಗದಲ್ಲಿ ಕಣ್ಣಿಟ್ಟು ನಿಂತಳು.

ಕೋಣೆ ಚೊಕ್ಕಟವಾಗಿತ್ತು. ತೆವಳುವ ಕೂಸು ಚಾಪೆಯ ಮೇಲೆ ಮಲಗಿತ್ತು. ಪಾರ್ಲರ್‌ನವಳ ಮಗ ಚಮಚದಲ್ಲಿ ತಟ್ಟೆ ಬಡಿಯುತ್ತ ಅನ್ನ ತಿನ್ನುತ್ತಿದ್ದ. ಬೆಣ್ಣೆ ಗೋಡೆಗೆ ಒರಗಿ, ತಟ್ಟೆ ದೂರ ತಳ್ಳಿ, ರಾಗ ಎಳೆಯುತ್ತಿದ್ದಳು. ಮಕ್ಕಳಕ್ಕ ಸ್ವಲ್ಪ ಹೊತ್ತು ಪುಸಲಾಯಿಸಿದಳು. ಆಮೇಲೆ ಎದ್ದು, ಆ ಡಬ್ಬಿ ತೆಗೆದು, ಬೆಣ್ಣೆಯ ಹಾಲಿನ ಬಾಟಲಿಗೆ ಬಿಳಿ ಪುಡಿಯನ್ನು ಒಂದು, ಎರಡು, ಮೂರು ಚಮಚ ಹಾಕಿ ಮುಚ್ಚಳ ಬಿಗಿದು ಗಲಗಲ ಅಲ್ಲಾಡಿಸಿದಳು. ಮಗು ಎರಡೂ ಕೈ ಚಾಚಿ ಬಾಟಲಿ ಕಸಿದುಕೊಂಡಿತು. ಅರ್ಧ ಕುಡಿಯುವಷ್ಟರಲ್ಲಿ ರೆಪ್ಪೆ ಬಿದ್ದವು.

ಚೆಕ್ಕರಮ್ಮ ಓಣಿಯಿಂದ ಮುಂಬಾಗಿಲಿಗೆ ಓಡಿದಳು. ಬಾಗಿಲು ಬಡಿದಳು ಎನ್ನುವುದಕ್ಕಿಂತ ಬಾಗಿಲು ಮುರಿಯುವುದೊಂದು ಬಾಕಿ. ಅದೇ ಹೊತ್ತಿಗೆ ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದ ಪಾರ್ಲರ್‌ನವಳೂ ಗಾಬರಿಯಾಗಿ ಹಿಂದೆಯೇ ಒಳಗೆ ಬಂದಳು.

"ಏನು ಹಾಕಿದ್ರಿ ಹಾಲಿಗೆ? ಹೇಳಿ! ನಿದ್ದೆ ಪುಡಿ ತಾನೆ?"

ಮಕ್ಕಳಕ್ಕ ಡಬ್ಬಿಯನ್ನು ಮುಂದೆ ಹಿಡಿದಳು. "ಚೆಕ್ಕರಮ್ಮ, ಅದು ಹಾಲಿನ ಪುಡಿ."

"ಹಾಲಿಗೆ ಯಾರಾದ್ರೂ ಹಾಲಿನ ಪುಡಿ ಹಾಕ್ತಾರಾ?"

"ಊಟಾನೇ ಮಾಡಲ್ಲ ನಿಮ್ಮ ಮಗು. ನೀವು ಕಳ್ಸೋ ಹಾಲು ತೆಳ್ಳಗಿರುತ್ತೆ. ಸ್ವಲ್ಪ ಗಟ್ಟಿ ಮಾಡಿದ್ರೆ ಹೊಟ್ಟೇಲಿ ನಿಲ್ಲುತ್ತೆ ಅಂತ ನಾನೇ ತಂದು ಹಾಕ್ದೆ."

"ಹಾಗಿದ್ರೆ ಬಚ್ಚಿಟ್ಟಿದ್ದು ಯಾಕೆ?"

"ನಿಮಗೆ ಹೆದರಿ."

"ತಪ್ಪು ಮಾಡದವರು ಯಾಕೆ ಹೆದರ್ಬೇಕು?"

ಈ ಪ್ರಶ್ನೆಯನ್ನು ಅವಳು ಬಸ್ಸಿನಲ್ಲಿ ದಿನಾ ಕೇಳುತ್ತಿದ್ದಳು. ಉತ್ತರ ಕೊಟ್ಟವರು ಯಾರೂ ಇರಲಿಲ್ಲ. ಚೆಕ್ಕರಮ್ಮ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟಳು. ಪಾರ್ಲರ್‌ನವಳು ಒಂದು ಮಾತೂ ಆಡದೆ ಮಗನ ಕೈಯಲ್ಲಿದ್ದ ಚಮಚ ಕಿತ್ತು ಅವನನ್ನು ಎತ್ತಿಕೊಂಡಳು.

ಮಕ್ಕಳ ಡಾಕ್ಟರಮ್ಮನಿಗೆ ಅವತ್ತು ವಿಪರೀತ ನೆಗಡಿ. ಚೆಕ್ಕರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಕಿಟಕಿಯಿಂದ ಶುರುಮಾಡಿ ಎಲ್ಲ ವರದಿ ಒಪ್ಪಿಸಿದಳು. ಡಾಕ್ಟರಮ್ಮ ಮೂಗು ಒರೆಸಿಕೊಂಡು, ಡಬ್ಬಿಯ ಕಡೆ ನೋಡದೆ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ ಅದರ ಅಂಗೈಯನ್ನು ತಮ್ಮ ಅಂಗೈಯ ಪಕ್ಕ ಹಿಡಿದರು.

"ಇಷ್ಟು ಬಿಳಿಚಿಕೊಂಡಿದೆ, ಗಮನಿಸಿಲ್ವಾ?"

"ಅವಳ ಬಣ್ಣಾನೇ ಅದು ಡಾಕ್ಟರೇ. ಬೆಣ್ಣೆ ಅಂತಾನೇ ಕರೀತೀವಿ."

"ಬಣ್ಣ ಅಲ್ಲಮ್ಮ, ರಕ್ತ ಇಲ್ಲ." ಡಾಕ್ಟರಮ್ಮ ಆಗ ಡಬ್ಬಿ ತೆರೆದು, ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಂಡು, ಲೋಟದ ನೀರಿನ ನಾಲ್ಕು ಹನಿ ಬಿಟ್ಟು ಉಜ್ಜಿದರು. "ಇದು ಹಾಲಿನ ಪುಡಿ. ಬೇಕಿದ್ರೆ ನೀವೂ ನೋಡಿ. ಮಗು ಊಟ ಏನು ಮಾಡುತ್ತೆ?"

"ಊಟ ಸೇರಲ್ಲ."

"ಕುಡಿಯೋದು?"

ಈ ಪ್ರಶ್ನೆಗೆ ಚೆಕ್ಕರಮ್ಮನ ಬೆನ್ನು ನೆಟ್ಟಗಾಯಿತು. "ಹಾಲು ಬಿಟ್ಟು ಬೇರೇನೂ ಇಲ್ಲ. ಜ್ಯೂಸ್ ಇಲ್ಲ, ಸೋಡಾ ಇಲ್ಲ. ಒಂದು ಹನಿ ಇಲ್ಲ."

"ಎಷ್ಟು ಹಾಲು?"

"ಬೆಳಗ್ಗೆ ಎದ್ದ ಕೂಡ್ಲೇ ಒಂದು ಬಾಟಲಿ. ರಾತ್ರಿ ಮಲಗುವಾಗ ಒಂದು."

"ಅಷ್ಟೇನಾ?"

ಅಷ್ಟೇ ಎನ್ನಲು ಹೋದ ಚೆಕ್ಕರಮ್ಮ ತಡೆದು, ಒಂದೊಂದೇ ಎಣಿಸಿ ಹೇಳಿದಳು. ಮಾವ ಕೊಡುವ ಸಕ್ಕರೆ ಹಾಲು. ಮಕ್ಕಳಕ್ಕನಲ್ಲಿಗೆ ಕಳಿಸುವ ಬಾಟಲಿ, ಅದೂ ಗಟ್ಟಿ ಮಾಡಿದ್ದು. ಡಾಕ್ಟರಮ್ಮ ಅವಳಿಂದ ಅವಳ ಗಂಡನಿಗೆ ಫೋನ್ ಮಾಡಿಸಿದರು. ಬೇಕರಿಯ ಸದ್ದಿನ ನಡುವೆ ಅವನು, "ಬೆಳಗಿನ ಜಾವ ಎದ್ದು ಕೂರ್ತಾಳೆ... ನೀನು ಮಲಗಿರ್ತೀಯ, ಎಬ್ಬಿಸೋದು ಬೇಡ ಅಂತ ಒಂದು ಬಾಟಲಿ ಕೊಟ್ಟು ಹೋಗ್ತೀನಿ. ಹಾಲೇ ಅಲ್ವಾ?" ಎಂದ.

"ದಿನಾನಾ?"

"ಹೂಂ. ದೊಡ್ಡ ಬಾಟಲಿ."

ಡಾಕ್ಟರಮ್ಮ ಮತ್ತೊಮ್ಮೆ ಮೂಗು ಒರೆಸಿಕೊಂಡರು. "ಲೀಟರ್ ಮೇಲಾಯ್ತು. ಇಷ್ಟು ಪುಟ್ಟ ಹೊಟ್ಟೇಲಿ ಅಷ್ಟು ಹಾಲು ತುಂಬಿದ್ರೆ ಅನ್ನಕ್ಕೆ ಜಾಗ ಎಲ್ಲಿ? ಹಾಲು ಒಳ್ಳೇದೇ. ಆದ್ರೆ ಅದರಲ್ಲಿ ಕಬ್ಬಿಣದ ಅಂಶ ಇಲ್ಲ ಅನ್ನೋಷ್ಟು ಕಮ್ಮಿ. ರಕ್ತ ಆಗೋಕೆ ಅದು ಬೇಕು. ಮೇಲೆ, ಅತಿಯಾದ್ರೆ ಊಟದಲ್ಲಿ ಸಿಗೋ ಸ್ವಲ್ಪಾನೂ ಮೈಗೆ ಹತ್ತೋಕೆ ಬಿಡಲ್ಲ. ಅದಕ್ಕೇ ಸುಸ್ತು, ಅದಕ್ಕೇ ನಿದ್ದೆ. ಮಣ್ಣು, ಸುಣ್ಣ ಏನಾದ್ರೂ ತಿಂತಾಳಾ?"

"ಇಲ್ಲ!" ಎಂದಳು ಚೆಕ್ಕರಮ್ಮ. ನನ್ನ ಕಣ್ಣು ತಪ್ಪಿಸಿ ಎಲ್ಲಿಂದ ತಿನ್ನುತ್ತಾಳೆ ಎಂಬ ಧಾಟಿಯಲ್ಲಿ.

ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹಾಲು ದಿನಕ್ಕೆ ಎರಡು ಚಿಕ್ಕ ಲೋಟ, ಅದೂ ಊಟದ ಜೊತೆ ಬೇಡ. ಬಾಟಲಿ ಪೂರ್ತಿ ಬಂದ್. ಬಾಯಾರಿದರೆ ನೀರು. ಹಾಲಿನ ಬದಲು ಜ್ಯೂಸ್ ಕೊಡುವ ಯೋಚನೆ ಮಾಡಬೇಡಿ, ಹಣ್ಣು ತಿನ್ನಲಿ ಎಂದರು.

ಚೆಕ್ಕರಮ್ಮ ಹೊರಗೆ ಬಂದವಳು ಡಾಕ್ಟರಮ್ಮನನ್ನೂ ನಂಬಲಿಲ್ಲ. ಲೋಕವೆಲ್ಲ ಮಕ್ಕಳಿಗೆ ಹಾಲು ಕುಡಿಸುವಾಗ ಈಕೆ ಮಾತ್ರ ಬೇಡ ಅನ್ನುವುದೆಂದರೆ? ಯಾವ ಟಾನಿಕ್ ಮಾರುವವರ ಜೊತೆ ಈಕೆಗೆ ಒಪ್ಪಂದವಿದೆಯೋ? ನೆಗಡಿ ತಲೆಯಲ್ಲಿ ಏನೋ ಹೇಳಿರಬೇಕು. ಮನೆಗೆ ಬಂದು ಮಗುವನ್ನು ಹಾಸಿಗೆಯ ಮೇಲೆ ಮಲಗಿಸುವಾಗ, ಏನೋ ಹೊಳೆದು, ಮಂಚದ ಕಾಲು ಹಿಡಿದು ಎಳೆದಳು.

ಮಂಚದ ಹಿಂದೆ, ನೆಲದ ಮೇಲೆ ಕೂತ ಮಗುವಿನ ಬಾಯಿಯ ಎತ್ತರದಲ್ಲಿ, ಗೋಡೆಯ ಸುಣ್ಣ ಅಂಗೈ ಅಗಲ ಕಿತ್ತುಬಂದಿತ್ತು. ಪುಟ್ಟ ಉಗುರಿನ ಗೀರುಗಳು, ನೆಕ್ಕಿದ ನುಣುಪು. ಕೆಳಗೆ ನೆಲದ ಮೇಲೆ ಬಿಳಿ ಪುಡಿ. ಅವಳು ಬೆರಳಲ್ಲಿ ಒತ್ತಿ ನಾಲಿಗೆಗೆ ಇಟ್ಟಳು. ವಾಸನೆಯಿಲ್ಲ, ರುಚಿಯಿಲ್ಲ.

ಮಾವ ಬಾಗಿಲಲ್ಲಿ ನಿಂತಿದ್ದರು. "ನಾನು ನೋಡಿದ್ದೆ ತಾಯಿ," ಎಂದರು ಮೆಲ್ಲಗೆ. "ಹೋದ ತಿಂಗಳೇ."

"ಮತ್ತೆ ಹೇಳ್ಬಾರ್ದಾ ಮಾವ?"

"ಹೇಳಿದ್ರೆ ನೀನು, 'ನೀವು ಮಗೂನ ನೋಡ್ಕೊಳ್ಳೋದು ಹೀಗೇನಾ' ಅಂತಿದ್ದೆ. ಮಂಚ ಸ್ವಲ್ಪ ಗೋಡೆಗೆ ಒತ್ತಿ ಇಟ್ಟೆ."

ಚೆಕ್ಕರಮ್ಮ ಮಾವನ ಮೇಲೆ ರೇಗಬೇಕೆಂದು ಬಾಯಿ ತೆರೆದಳು. ಹೌದು, ಅವಳು ಹಾಗೇ ಅಂದಿರುತ್ತಿದ್ದಳು. ಅಕ್ಷರ ಬದಲಾಗದಂತೆ ಹಾಗೇ.

ರಕ್ತದ ವರದಿ ಬಂದಾಗ ಡಾಕ್ಟರಮ್ಮ, ಇನ್ನೂ ಕೆಲವು ವಾರ ಹೀಗೇ ಬಿಟ್ಟಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕಾಗುತ್ತಿತ್ತು ಎಂದರು. ಕಬ್ಬಿಣದ ಹನಿ ಔಷಧಿ ಶುರುವಾಯಿತು.

ಬಾಟಲಿ ಬಿಡಿಸುವುದು ಹುಡುಗಾಟವಾಗಿರಲಿಲ್ಲ. ಬೆಣ್ಣೆ ಮನೆಯನ್ನು ತಲೆಯ ಮೇಲೆ ಹೊತ್ತಳು. ನೀರಿನ ಲೋಟವನ್ನು ಎಸೆದಳು, ಔಷಧಿಯನ್ನು ಅಪ್ಪನ ಅಂಗಿಯ ಮೇಲೆ ಉಗಿದಳು, ನೆಲದ ಮೇಲೆ ಬಿದ್ದು ಹೊರಳಾಡಿದಳು. ಮನೆಯಲ್ಲಿ ಮೂರು ದೊಡ್ಡವರು ಒಬ್ಬರನ್ನೊಬ್ಬರು ಕಳ್ಳರಂತೆ ಕಾಯತೊಡಗಿದರು. ಗಂಡ ಹೊರಟ ಕೂಡಲೇ ಚೆಕ್ಕರಮ್ಮ ಎದ್ದು ಮಗುವಿನ ಬಾಯಿ ಮೂಸುತ್ತಿದ್ದಳು. ಮಾವ ಶಾಲು ಹೊದ್ದು ಅಡುಗೆಮನೆಯಿಂದ ಬಂದರೆ "ಶಾಲಿನೊಳಗೇನು ಮಾವ?" ಎನ್ನುತ್ತಿದ್ದಳು. ಒಮ್ಮೆ ಶಾಲಿನೊಳಗೆ ನಿಜಕ್ಕೂ ಬಾಟಲಿ ಇತ್ತು. ಆದರೆ ಅದರಲ್ಲಿ ನೀರು. "ಅಭ್ಯಾಸಕ್ಕೆ ಕೊಟ್ಟೆ, ಮೂಸಿ ನೋಡು" ಎಂದರು ಮಾವ ಗೆದ್ದವರಂತೆ. ಮೂಸಿಯೇ ನೋಡಿದಳು.

ಕೊನೆಗೆ ಸಿಕ್ಕಿಬಿದ್ದವಳು ಅವಳೇ. ಒಂದು ಭಾನುವಾರ ಮಧ್ಯಾಹ್ನ, ಮಗು ಅತ್ತು ಅತ್ತು ಬಿಕ್ಕುವುದನ್ನು ತಾಳಲಾರದೆ ಹಾಲು ಬೆಚ್ಚಗೆ ಮಾಡಿ ಬಾಟಲಿಗೆ ಹುಯ್ಯುತ್ತಿದ್ದಳು. ಹಿಂದಿನಿಂದ ಮಾವ ಕೆಮ್ಮಿದರು. ಚೆಕ್ಕರಮ್ಮನ ಕೈಯಿಂದ ಮುಚ್ಚಳ ಜಾರಿ ಸಿಂಕಿಗೆ ಬಿತ್ತು.

"ಏನಮ್ಮ ಅದು?"

"ಏನೂ ಇಲ್ಲ ಮಾವ..."

ಮಾವ ಬಾಟಲಿ ತೆಗೆದುಕೊಂಡು ಹಾಲನ್ನು ಪಾತ್ರೆಗೆ ಸುರಿದು, ಮಗುವನ್ನು ಎತ್ತಿಕೊಂಡು ತಾರಸಿಗೆ ಹೋದರು. ಅವರು ಬೈಯದೇ ಹೋದದ್ದು ಅವಳಿಗೆ ಬೈದದ್ದಕ್ಕಿಂತ ಹೆಚ್ಚು ತಾಗಿತು. ಆವತ್ತು ಸಂಜೆ ಬೆಣ್ಣೆ, ತಾತನ ತಟ್ಟೆಯಿಂದ ತಾನೇ ಕೈ ಹಾಕಿ ಬೇಯಿಸಿದ ಅರ್ಧ ಮೊಟ್ಟೆ ತಿಂದಳು.

ಡಬ್ಬಿ ಇನ್ನೂ ಮನೆಯಲ್ಲೇ ಇತ್ತು. ಅದನ್ನು ನೋಡಿದಾಗೆಲ್ಲ ಚೆಕ್ಕರಮ್ಮ ಬೇರೆ ಕಡೆ ತಿರುಗುತ್ತಿದ್ದಳು. ಕೊನೆಗೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಮಕ್ಕಳಕ್ಕನ ಬಾಗಿಲಿಗೆ ಹೋದಳು. ಒಳಗೆ ಕೂಸೊಂದೇ ತೆವಳುತ್ತಿತ್ತು.

"ಪಾರ್ಲರ್ ಹುಡುಗ ಬಂದಿಲ್ವಾ ಅಕ್ಕ?"

"ಅವತ್ತಿಂದ ಕಳ್ಸಿಲ್ಲ. ಹೊಸದಾಗಿ ಬರೋರಿದ್ದ ಇಬ್ಬರೂ ಬೇಡ ಅಂದ್ರು." ಮಕ್ಕಳಕ್ಕ ಡಬ್ಬಿಯನ್ನು ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ.

"ತಪ್ಪಾಯ್ತು ಅಕ್ಕ. ನಿಮ್ಮ ಒಬ್ಬರದೇ ತಪ್ಪಲ್ಲ... ಮನೇಲಿ ನಾವೆಲ್ಲರೂ ಹಾಲೇ ತುಂಬ್ತಿದ್ವಿ, ಅವಳು ಗೋಡೆ ಸುಣ್ಣಾನೂ ನೆಕ್ತಿದ್ಳು. ನೀವು ಪುಡಿ ಹಾಕೋ ವಿಷಯ ಮೊದಲೇ ಹೇಳಿದ್ರೆ..."

"ನಿಮ್ಮ ಮಗು ನಮ್ಮ ಗೋಡೆನೂ ನೆಕ್ಕಿದೆ. ಅದನ್ನೂ ಹೇಳ್ಬೇಕಿತ್ತು." ಮಕ್ಕಳಕ್ಕನ ದನಿ ಏರಲಿಲ್ಲ. "ಹೇಳೋ ಹಾಗೆ ಇದ್ರಾ ನೀವು? ಸಂಜೆ ಬಂದು ನಿಂತ್ರೆ ನಂಗೆ ಟಿಕೆಟ್ ಕಳ್ಕೊಂಡ ಹಾಗೆ ಆಗ್ತಿತ್ತು."

ಚೆಕ್ಕರಮ್ಮ ನಾಲಿಗೆ ಕಚ್ಚಿಕೊಂಡಳು. "ನಾನೀಗ ಏನು ಮಾಡ್ಲಿ ಅಕ್ಕ?"

"ಪಾರ್ಲರ್ ಹುಡುಗನ ತಾಯಿ ಮುಂದೆ ಕೂಗಾಡಿದ್ರಿ. ಅವಳ ಮುಂದೇನೇ ಹೇಳಿ."

ಹಾಗೇ ಪಾರ್ಲರಿಗೆ ಹೋದಳು. ಕುರ್ಚಿಯಲ್ಲಿ ಕೂತವಳ ಕೂದಲಿಗೆ ಬಣ್ಣ ಬಳಿಯುತ್ತಿದ್ದ ಪಾರ್ಲರ್‌ನವಳು ಕನ್ನಡಿಯಲ್ಲೇ ಅವಳನ್ನು ನೋಡುತ್ತ ಎಲ್ಲ ಕೇಳಿಸಿಕೊಂಡಳು. ಹಾಲಿನ ಪುಡಿ, ಡಾಕ್ಟರು, ರಕ್ತ, ಗೋಡೆ. ಚೆಕ್ಕರಮ್ಮ ಒಂದನ್ನೂ ಬಿಡದೆ ಹೇಳಿದಳು. ಕುರ್ಚಿಯಲ್ಲಿ ಕೂತವಳೂ ಕಿವಿ ನಿಮಿರಿಸಿ ಕೇಳಿದಳು.

"ಸರಿ," ಎಂದಳು ಪಾರ್ಲರ್‌ನವಳು ಕೊನೆಗೆ. "ಆದ್ರೂ ಕೇಳದೆ ಹಾಕಿದ್ದು ಹಾಕಿದ್ದೇ ಅಲ್ವಾ? ನನ್ನ ಮಗನಿಗೆ ಇನ್ನೇನು ಹಾಕಿದ್ಳೋ ಯಾರಿಗೆ ಗೊತ್ತು?"

"ಏನೂ ಹಾಕಿಲ್ಲ! ನಾನು ಕಣ್ಣಾರೆ ನೋಡಿದ್ದೀನಿ, ಅವನು ಅನ್ನ ತಿಂತಿದ್ದ."

"ಅವತ್ತು ನಿದ್ದೆ ಪುಡಿ ಅಂದಿದ್ದೂ ನೀವು ಕಣ್ಣಾರೆ ನೋಡೇ."

ಚೆಕ್ಕರಮ್ಮ ಮತ್ತೆ ಎರಡು ಸಲ ಹೋದಳು. ಒಮ್ಮೆ ಡಾಕ್ಟರಮ್ಮನ ಚೀಟಿಯನ್ನೂ ಒಯ್ದಳು. ಪಾರ್ಲರ್‌ನವಳು ಮಗನನ್ನು ಬೇರೆ ಕಡೆ ಬಿಡುತ್ತಿದ್ದಳು, ಅಲ್ಲೇ ಬಿಟ್ಟಳು. ಬೇರೆ ಯಾರನ್ನಾದರೂ ಹುಡುಕಿಕೊಡೋಣವೆಂದು ಚೆಕ್ಕರಮ್ಮ ಡಿಪೋದಲ್ಲಿ ಕಂಡಕಂಡವರಿಗೆ ಮಕ್ಕಳಕ್ಕನ ಗುಣಗಾನ ಮಾಡಿದಳು. ಯಾವತ್ತೂ ಯಾರನ್ನೂ ಹೊಗಳದ ಈಕೆ ಹೀಗೇಕೆ ಹೊಗಳುತ್ತಿದ್ದಾಳೆಂದು ಅವರಿಗೆ ಅನುಮಾನ ಬಂತು. ಬಹಳ ಹೇಳಿದ ಮೇಲೆ ಒಬ್ಬ ಡ್ರೈವರ್ ತನ್ನ ಅವಳಿ ಮಕ್ಕಳನ್ನು ಕಳಿಸಲು ಒಪ್ಪಿದ.

ಬೆಣ್ಣೆಯನ್ನು ವಾಪಸ್ಸು ತೆಗೆದುಕೊಳ್ಳಲು ಮಕ್ಕಳಕ್ಕ ಇನ್ನೂ ಕೆಲವು ದಿನ ಸತಾಯಿಸಿದಳು. ಕೊನೆಗೆ ಮಾವನ ಕೈಲಿ ಹೇಳಿಕಳಿಸಿದಳು: ಮಗು ಬರಲಿ. ಬಿಡುವುದಕ್ಕೂ ಕರೆದೊಯ್ಯುವುದಕ್ಕೂ ತಾತ ಬರಲಿ. ಚೆಕ್ಕರಮ್ಮ ಬರುವುದು ಬೇಡ.

"ಬಾಗಿಲ ತನಕಾನೂ ಬೇಡ್ವಂತಾ?" ಚೆಕ್ಕರಮ್ಮ ಕೇಳಿದಳು.

"ಬೀದಿ ತುದಿ ತನಕ ಬರ್ಬಹುದಂತೆ," ಎಂದರು ಮಾವ. ಅದು ಮಕ್ಕಳಕ್ಕನ ಮಾತೋ ಮಾವನ ತಮಾಷೆಯೋ ಎಂದು ಅವಳಿಗೆ ತಿಳಿಯಲಿಲ್ಲ.

ಅವಳು ಒಪ್ಪಿದಳು. ಅಂದಿನಿಂದ ಮಗುವಿನ ಮಧ್ಯಾಹ್ನದ ಸುದ್ದಿಯೆಲ್ಲ ಮಾವನ ಬಾಯಿಂದಲೇ ಬರಬೇಕು. ಮಾವನಿಗೆ ಇದರಲ್ಲಿ ಒಂಥರಾ ಖುಷಿ. ಒಂದೇ ಸಲ ಹೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಕೂತು, ಅವಳು ಎರಡು ಸಲ ಕೇಳಿದ ಮೇಲೆ ಹೇಳುತ್ತಿದ್ದರು. ಇವತ್ತು ಸೊಪ್ಪು ತಿಂದಳು. ಇವತ್ತು ಲೋಟದಲ್ಲಿ ನೀರು ಕೇಳಿ ಕುಡಿದಳು. ಇವತ್ತು ಮಲಗಲೇ ಇಲ್ಲ, ಅವಳಿ ಹುಡುಗರಲ್ಲಿ ಒಬ್ಬನನ್ನು ಕಚ್ಚಿದಳು.

"ನಿಜವಾಗ್ಲೂ ಸೊಪ್ಪು ತಿಂದ್ಳಾ ಮಾವ? ನೀವು ನೋಡಿದ್ರಾ?"

"ನಾನು ನೋಡಿಲ್ಲ. ಅವರು ಹೇಳಿದ್ರು."

ಚೆಕ್ಕರಮ್ಮನಿಗೆ ಇನ್ನೂ ಮೂರು ಪ್ರಶ್ನೆ ಬಾಯಿಗೆ ಬಂದವು. ಯಾವ ಸೊಪ್ಪು, ಎಷ್ಟು, ಉಗುಳಿದಳೋ ನುಂಗಿದಳೋ. ಮಗಳ ಅಂಗೈಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬೆಣ್ಣೆ ಕೈ ಕಿತ್ತುಕೊಂಡು ಓಡಿದಳು.

"ಕಚ್ಚಿದ್ದಕ್ಕೆ ಅವರೇನಂದ್ರು?" ಎಂದಷ್ಟೇ ಕೇಳಿದಳು.

"ನಿಮ್ಮ ಸೊಸೆಗೆ ಹೇಳಿ ಅಂದ್ರು," ಎಂದರು ಮಾವ. "ಮುಚ್ಚುಮರೆ ಮಾಡದೆ ಹೇಳ್ಬೇಕಂತೆ. ಉಗುರೂ ಬೆಳೆದಿದೆಯಂತೆ, ಕತ್ತರಿಸಿ ಕಳ್ಸು."